ಲೇತಿಗೆ ಬೆನ್ನು ಹಾಕಿದ ಭಾವ

ಅಕ್ಟೋಬರ್ ೩

ಚೂಟಿಗೆ ಸೋದರಮಾವನ ಆಶೀರ್ವಾದ.

ನಾನು ಚೆನ್ನಾಗಿದ್ದೇನೆ. ನಿನ್ನ ಅಪ್ಪ ನೀನು ಬಿಟ್ಟುಹೋದ ಹಾಗೇ ಇದ್ದಾರೆ. ಅವರ ಮರ ಕಡೆಯುವ ಲೇತ್ ಕೂಡ ಆರೋಗ್ಯವಾಗಿದೆ. ಒಂದು ಉಳಿಯ ಆರೋಗ್ಯ ಮಾತ್ರ ಸ್ವಲ್ಪ ಕೆಟ್ಟಿದೆ, ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಫೋನು ಇರುವಾಗ ಕಾಗದ ಯಾಕೆ ಅನ್ನುತ್ತೀಯ. ನಿನಗೇ ಗೊತ್ತಲ್ಲ, ಮುಂದೆ ಅಂಗಡಿ, ಹಿಂದೆ ಎರಡು ಕೋಣೆ. ನಾನು ಹಿತ್ತಲ ತುದಿಯಲ್ಲಿ ನಿಂತು ಪಿಸುಗುಟ್ಟಿದರೂ ಬೀದಿಬಾಗಿಲಲ್ಲಿ ಕೂತ ಭಾವನಿಗೆ ಕೇಳಿಸುತ್ತದೆ. ಲಕ್ವ ಹೊಡೆದು ಬಲಗೈ ಸೋತಿತೇ ಹೊರತು ಕಿವಿಗೆ ಏನೂ ಆಗಿಲ್ಲ. ಮರ ಕಡೆಯುವವನ ಕಿವಿ ಅದು. ಪೆನ್ನು ಓಡುವ ಸದ್ದಿನಿಂದ ಅಕ್ಷರ ಹಿಡಿಯುವ ವಿದ್ಯೆ ಮಾತ್ರ ಅವರಿಗೆ ಇನ್ನೂ ಬಂದಿಲ್ಲ. ಅದಕ್ಕೇ ಕಾಗದ. ಜೊತೆಗೆ, ನನ್ನ ಕೈಬರಹ ನೋಡಿ ನೀನೂ ಸ್ವಲ್ಪ ಸುಧಾರಿಸಿಕೊಳ್ಳಬಹುದು. ನಮ್ಮ ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೂ ಅಲುಗದೆ ನಿಂತದ್ದು ನಾನು ಮತ್ತು ಮೇಷ್ಟ್ರ ಮೇಜು ಮಾತ್ರ.

ನೀನು ನನಗೆ ಒಪ್ಪಿಸಿದ್ದು ಎರಡು ಕೆಲಸ. ಒಂದು, ರಬ್ಬರ್ ಚೆಂಡನ್ನು ಅಪ್ಪನ ಬಲಗೈಯಲ್ಲಿಟ್ಟು ದಿನಾ ಹಿಸುಕಿಸುವುದು. ಇನ್ನೊಂದು, ಅಂಗಡಿ ಖಾಲಿ ಮಾಡಿ, ಲೇತ್ ಒರೆಸಿ, ಹೊಸ ವರ್ಷಕ್ಕೆ ಅದನ್ನು ಕೊಳ್ಳುವವರ ಲಾರಿ ಬರುವ ಹೊತ್ತಿಗೆ ಸಿದ್ಧವಾಗಿಡುವುದು.

ಚೆಂಡಿನ ವಿಷಯ. ನಾನು ಅವರ ಕೈಗಿಡುತ್ತೇನೆ, ಅವರು ನನ್ನ ಕೈಗಿಡುತ್ತಾರೆ. ಸದ್ಯಕ್ಕೆ ನನ್ನ ಬಲಗೈ ಬಹಳ ಗಟ್ಟಿಯಾಗಿದೆ.

ಲೇತಿನ ವಿಷಯ. ಜೀವಮಾನವೆಲ್ಲ ಬಸ್ಸು ಓಡಿಸಿದವನು ನಾನು. ಒಂದು ಗಾಡಿಯನ್ನು ಸ್ಟಾರ್ಟ್ ಮಾಡದೆ ಇನ್ನೊಬ್ಬರ ಕೈಗೆ ಒಪ್ಪಿಸುವುದುಂಟೆ? ಮೋಟಾರು ಹಾಕಿದೆ. ಗುಂ ಅಂತ ಎದ್ದಿತು. ಓಡುವ ಗಾಡಿಯನ್ನು ಸುಮ್ಮನೆ ನಿಲ್ಲಿಸಿ ಡೀಸೆಲ್ ಸುಡುವುದು ನನ್ನ ಜಾಯಮಾನವಲ್ಲ. ಮೂಲೆಯಲ್ಲಿದ್ದ ಒಂದು ಮರದ ತುಂಡನ್ನು ಲೇತಿನ ಎರಡು ಮೊನೆಗಳ ನಡುವೆ ಸಿಕ್ಕಿಸಿ, ಉಳಿ ಹಿಡಿದೆ. ಮರ ನನ್ನ ಕಡೆಗೇ ತಿರುಗಿ ಬರುತ್ತಿತ್ತು, ನಾನು ಉಳಿಯ ಬಾಯನ್ನು ನೇರವಾಗಿ ಅದರ ಹೊಟ್ಟೆಗೆ ಕೊಟ್ಟೆ. ಆಮೇಲೆ ಏನಾಯಿತೆಂದರೆ, ಉಳಿ ನನ್ನ ಕೈಯಲ್ಲಿರಲಿಲ್ಲ. ಸೂರಿನ ತಗಡಿನ ಹತ್ತಿರ ಎಲ್ಲೋ ಇತ್ತು.

ಎದುರು ಅಂಗಡಿಯ ಕ್ಷೌರದವನು ಕತ್ತರಿ ಹಿಡಿದುಕೊಂಡೇ ಓಡಿಬಂದ. ಪಾಪ, ಅರ್ಧ ತಲೆಯ ಗಿರಾಕಿ ಅವನ ಹಿಂದೆ.

"ಏನ್ ಡ್ರೈವರ್ರೇ, ಆಕ್ಸಿಡೆಂಟಾ?"

"ಇಲ್ಲಪ್ಪ. ಟೆಸ್ಟಿಂಗ್."

ನಿನ್ನ ಅಪ್ಪ ಬೀದಿಗೆ ಮುಖ ಮಾಡಿ ಕೂತಿದ್ದವರು ತಿರುಗಿ ನೋಡಲಿಲ್ಲ. ಅಂಗಡಿಗೆ ಬೆನ್ನು ಹಾಕಿ ಕೂತವರು ಬೆನ್ನನ್ನೇ ಹಾಕಿ ಕೂತರು. ಒಂದು ಸಲ ಗಂಟಲು ಸರಿಮಾಡಿಕೊಂಡರು, ಅಷ್ಟೇ. ಆದರೆ ಚೂಟಿ, ನಾನು ಬಂದಾಗಿನಿಂದ ಅವರ ಗಂಟಲಿಂದ ಬಂದ ಅತಿ ದೊಡ್ಡ ಮಾತು ಅದೇ.

ಇಂತಿ ನಿನ್ನ ಮಾವ,
ಅಪಘಾತವಿಲ್ಲದ ಸೇವೆಗೆ ಕಂಪನಿಯಿಂದ ಗಡಿಯಾರ ಪಡೆದವನು


ಅಕ್ಟೋಬರ್ ೧೪

ಮಾವ,

ಲೇತ್ ಒರೆಸಿ ಅಂದಿದ್ದೆ. ಓಡಿಸಿ ಅಂದಿರಲಿಲ್ಲ. ಉಳಿ ಮೇಲಕ್ಕೆ ಹಾರಿದ್ದು ನಿಮ್ಮ ಪುಣ್ಯ, ಮುಂದಕ್ಕೆ ಬಂದಿದ್ದರೆ ನಾನು ಕೆಲಸ ಮಾಡುವ ಆಸ್ಪತ್ರೆಗೇ ನಿಮ್ಮನ್ನು ತಂದು ಮಲಗಿಸುತ್ತಿದ್ದರು. ಅಲ್ಲಿ ನಿಮ್ಮ ಮಾತು ಕೇಳುವ ತಾಳ್ಮೆ ಯಾವ ನರ್ಸಿಗೂ ಇಲ್ಲ, ನನ್ನನ್ನೂ ಸೇರಿಸಿ.

ಲೇತ್ ಮಾರುವುದು ನನ್ನ ಹಟ ಅಂತ ನೀವು ಅಂದುಕೊಂಡಿದ್ದೀರಿ. ಅಲ್ಲ. ಅಪ್ಪನೇ ಹೇಳಿದ್ದು, ತುಕ್ಕು ಹಿಡಿಯುವ ಮುಂಚೆ ಯಾರಿಗಾದರೂ ಕೊಟ್ಟುಬಿಡು ಅಂತ. ಮಂಚದ ಕಾಲು ಮಾಡುವ ಕಾರ್ಖಾನೆಯವರಿಗೆ ಮಾತು ಕೊಟ್ಟಿರುವುದೂ ಅಪ್ಪನೇ. ಜನವರಿ ಮೊದಲ ವಾರ ಅವರು ಬರುತ್ತಾರೆ. ಆಮೇಲೆ ಅಪ್ಪನನ್ನು ನಾನು ಇಲ್ಲಿಗೆ ಕರೆದುಕೊಂಡು ಬರುತ್ತೇನೆ. ಕೋಣೆ ಸಣ್ಣದು, ಆದರೆ ಬೆಳಕಿದೆ.

ಚೆಂಡು ಬಿಡಬೇಡಿ. ಈಗ ಅಭ್ಯಾಸ ತಪ್ಪಿದರೆ ಆ ಕೈ ಹಾಗೇ ನಿಂತುಬಿಡುತ್ತದೆ. ಫೋನು ಮಾಡಿದರೆ ಅಪ್ಪ "ಹೂಂ" ಅನ್ನುತ್ತಾನೆ, ಇಲ್ಲವೇ ಫೋನು ನಿಮ್ಮ ಕೈಗೆ ಕೊಡುತ್ತಾನೆ. ನೀವು ಬೇರೆಯವರಿಗೆ ಮಾತಾಡಲು ಜಾಗ ಕೊಡುವವರಲ್ಲ.

ಚಳಿ ಶುರುವಾಗಿದೆ. ನಿಮಗೆ ಒಂದು ಮಫ್ಲರ್ ಹೆಣೆದು ಕಳಿಸಿದ್ದೇನೆ. ಉದ್ದ ಜಾಸ್ತಿಯಾಯಿತು. ರಾತ್ರಿಪಾಳಿಯಲ್ಲಿ ಹೆಣೆಯುತ್ತಾ ನಿಲ್ಲಿಸುವುದು ಮರೆತೆ.

ನಿಮ್ಮ ಚೂಟಿ


ಅಕ್ಟೋಬರ್ ೨೮

ಚೂಟಿಗೆ,

ಮಫ್ಲರ್ ಬಂತು. ಕುತ್ತಿಗೆಗೆ ಎರಡು ಸುತ್ತು ಸುತ್ತಿದರೂ ಒಂದು ತುದಿ ಮೊಣಕಾಲು ಮುಟ್ಟುತ್ತದೆ. ಬೀದಿಯಲ್ಲಿ ಹೋದರೆ ಜನ ನಿಂತು ನೋಡುತ್ತಾರೆ. ಕ್ಷೌರದವನು "ಯಾವ ಸಿನಿಮಾದವರು ಕರೆದ್ರು?" ಅಂದ. ಅವನ ಹೊಟ್ಟೆಕಿಚ್ಚು ಕತ್ತರಿಸಲು ಅವನ ಹತ್ತಿರ ಇರುವ ಯಾವ ಕತ್ತರಿಯೂ ಸಾಲದು.

ಈಗ ಒಂದು ಗುಟ್ಟು ಹೇಳುತ್ತೇನೆ. ಕೋಪಿಸಿಕೊಳ್ಳುವುದಾದರೆ ಪೂರ್ತಿ ಓದಿ ಕೋಪಿಸಿಕೋ.

ನಾನು ಲೇತ್ ಕಲಿಯುತ್ತಿದ್ದೇನೆ. ಮೇಷ್ಟ್ರು ನಿನ್ನ ಅಪ್ಪ. ಇದು ಅವರಿಗೂ ಗೊತ್ತಿಲ್ಲದಿರಬಹುದು.

ಹೇಗೆಂದರೆ, ಉಳಿ ತಪ್ಪಾಗಿ ಹಿಡಿದಾಗ ಮರ ಕಿರ್ ಅಂತ ಕಿರುಚುತ್ತದೆ. ಆ ಸದ್ದು ಬಂದ ತಕ್ಷಣ ಬೀದಿಬಾಗಿಲಲ್ಲಿ 'ಟಕ್' ಅಂತ ಅವರ ಊರುಗೋಲು ನೆಲ ಕುಟ್ಟುತ್ತದೆ. ತಲೆ ತಿರುಗುವುದಿಲ್ಲ, ಬೆನ್ನು ಅಲುಗುವುದಿಲ್ಲ, ಕೋಲು ಮಾತ್ರ. ಮೊದಲು ನೊಣ ಓಡಿಸುತ್ತಿದ್ದಾರೆ ಅಂದುಕೊಂಡೆ. ಆಮೇಲೆ ಪರೀಕ್ಷೆ ಮಾಡಿದೆ. ಬೇಕೆಂದೇ ಕಿರುಚಿಸಿದೆ. ಟಕ್. ಉಳಿ ಎತ್ತಿದೆ. ಕೋಲೂ ಸುಮ್ಮನಾಯಿತು. ಮತ್ತೆ ಕಿರುಚಿಸಿದೆ. ಟಕ್. ಹಲ್ಲುನೋವಿದ್ದವನ ಎದುರು ಕಲ್ಲುಸಕ್ಕರೆ ಕಡಿದ ಹಾಗೆ ನಾನು ಕಿರುಚಿಸುತ್ತಲೇ ಹೋದೆ, ಅವರು ಕುಟ್ಟುತ್ತಲೇ ಹೋದರು. ಕೊನೆಗೆ ಕ್ಷೌರದವನು ಬಂದು, "ಯಜಮಾನ್ರೇ, ಬಾಗಿಲ ಹತ್ರ ಗುಂಡಿ ಬೀಳ್ತಿದೆ" ಅಂದ.

ಹೀಗೆ ಟಕ್ ಬರದ ಹಾಗೆ ಉಳಿ ಹಿಡಿಯುವುದನ್ನು ಹುಡುಕುತ್ತಾ ಹೋದೆ. ಹಿಡಿ ಸ್ವಲ್ಪ ಇಳಿಸಬೇಕು. ಉಳಿಯ ಬೆನ್ನು ಮೊದಲು ತಿರುಗುವ ಮರವನ್ನು ಸವರಬೇಕು. ಆಮೇಲೆ, ನೆಂಟರ ಮನೆಯಲ್ಲಿ ಮಾತು ತೆಗೆದ ಹಾಗೆ, ಮೆಲ್ಲಗೆ ಬಾಯಿ ತಾಗಿಸಬೇಕು. ಆಗ ಕಿರ್ ಹೋಗಿ ಸರ್ ಅಂತ ಬರುತ್ತದೆ, ಸಿಪ್ಪೆ ಸುರುಳಿ ಸುರುಳಿಯಾಗಿ ಮೊಣಕೈ ಮೇಲೆ ಬೀಳುತ್ತದೆ. ಅದು ಬಿದ್ದ ದಿನ ಬೀದಿಬಾಗಿಲಲ್ಲಿ ಬಹಳ ಹೊತ್ತು ಏನೂ ಸದ್ದಿರಲಿಲ್ಲ. ಇಣುಕಿ ನೋಡಿದೆ. ನಿನ್ನ ಅಪ್ಪ ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿಕೊಂಡು ಕೂತಿದ್ದರು, ಹಳೆಯ ಹಾಡು ಕೇಳುವವರ ಹಾಗೆ.

ಲಟ್ಟಣಿಗೆ ಮಾಡಲು ಹೊರಟೆ. ದಪ್ಪ ಸರಿಮಾಡುತ್ತಾ ಸರಿಮಾಡುತ್ತಾ ಅದು ಪೆನ್ಸಿಲ್ ಆಯಿತು. ಪೆನ್ಸಿಲ್ ಚೆನ್ನಾಗಿದೆ. ಆಮೇಲೆ ಒಂದು ಬುಗುರಿ. ಕುಡಿದವನು ಮನೆ ಹುಡುಕುವ ಹಾಗೆ ತಿರುಗುತ್ತದೆ, ಆದರೆ ತಿರುಗುತ್ತದೆ. ನನ್ನಷ್ಟು ಬೇಗ ಕಲಿತವರನ್ನು ಈ ಲೇತ್ ನೋಡಿರಲಾರದು.

ಇಂತಿ,
ಬುಗುರಿ ಮಾವ


ನವೆಂಬರ್ ೧೭

ಚೂಟಿಗೆ,

ನಿನ್ನ ಕಾಗದವಿಲ್ಲ. ಕೋಪ ಅಂತ ಅರ್ಥ ಮಾಡಿಕೊಂಡೆ. ಕೋಪವಿದ್ದರೂ ಈ ಸುದ್ದಿ ಓದು.

ಭಾವ ಮಾತಾಡಿದರು.

ಪಕ್ಕದ ಬೀದಿಯಲ್ಲಿ ಒಂದು ಮರ ಕಡಿದಿದ್ದರು. ಅದರ ಒಂದು ಕೊರಡು ಹೊತ್ತು ತಂದು ಬಟ್ಟಲು ಕಡೆಯಲು ಕೂತೆ. ಹಸಿಮರ, ಬೆಣ್ಣೆಯ ಹಾಗೆ ಬಂತು. ಹೊರಗೆ ಗುಂಡಗೆ, ಒಳಗೆ ಗುಳಿ, ಅಂಚು ಸ್ವಲ್ಪ ಓರೆ. ಓರೆಯಾದದ್ದು ಮರದ ತಪ್ಪು. ಉಪ್ಪುಕಾಗದ ಹಾಕಿ ಉಜ್ಜಿದರೆ ಒದ್ದೆ ಪುಡಿ ಕಾಗದಕ್ಕೇ ಮೆತ್ತಿಕೊಂಡಿತು. ನೀರಿರುವುದಕ್ಕೆ ತಾನೆ ಹೀಗೆ ಅಂದುಕೊಂಡು, ಬುದ್ಧಿವಂತ ನೋಡು, ಬಟ್ಟಲನ್ನು ಒಯ್ದು ಹಿತ್ತಲ ಬಿಸಿಲಿಗಿಟ್ಟೆ. ಊಟ ಮಾಡಿ ಒಂದು ನಿದ್ದೆ ತೆಗೆದೆ.

ನಿದ್ದೆಯಲ್ಲಿ ಪಟ್ ಅಂತ ಸದ್ದು. ನಾನು ಮಗ್ಗುಲು ಬದಲಿಸಿದೆ. ಬೀದಿಬಾಗಿಲಿಂದ ದನಿ ಬಂತು.

"ಬಿಸಿಲಿಗಿಟ್ಟಿದ್ಯಾ?"

ಎದ್ದು ಕೂತೆ. ಯಾರು ಮಾತಾಡಿದ್ದು ಅಂತ ಒಂದು ಕ್ಷಣ ತಿಳಿಯಲಿಲ್ಲ.

"ಹೂಂ ಭಾವ. ಒಣಗ್ಲಿ ಅಂತ."

"ಕತ್ತೆ."

ಹೋಗಿ ನೋಡಿದರೆ ಬಟ್ಟಲು ಅಂಚಿನಿಂದ ಬುಡದವರೆಗೆ ಬಾಯಿ ಬಿಟ್ಟಿತ್ತು. ಹಿತ್ತಲಲ್ಲಿ ಬಟ್ಟಲು ಸೀಳಿದ್ದು ಬೀದಿಯಲ್ಲಿ ಕೂತವರಿಗೆ ಕೇಳಿದೆ, ಪಕ್ಕದಲ್ಲೇ ಮಲಗಿದ ಅದರ ಮಾಲೀಕನಿಗೆ, ಅಂದರೆ ನನಗೆ, ಏನೆಂದು ತಿಳಿದಿಲ್ಲ. ತಂದು ಅವರ ತೊಡೆಯ ಮೇಲಿಟ್ಟೆ. ಎಡಗೈ ಹೆಬ್ಬೆರಳಿನಿಂದ ಬಿರುಕನ್ನು ಸವರಿದರು. ಹಸಿಮರವನ್ನು ಬೇಕಾದ್ದಕ್ಕಿಂತ ದಪ್ಪ ಬಿಟ್ಟು ಕಡೆಯಬೇಕಂತೆ. ಕಡೆದ ಮೇಲೆ ಅದರದೇ ಸಿಪ್ಪೆಯೊಳಗೆ ಹೂತು, ಚೀಲದಲ್ಲಿ ಕಟ್ಟಿ, ನೆರಳಲ್ಲಿ ಇಡಬೇಕಂತೆ. ಆರುವಾಗ ಅದು ತನಗೆ ಬೇಕಾದ ಹಾಗೆ ಸೊಟ್ಟಗಾಗುತ್ತದೆ. ಆದ ಮೇಲೆ ಮತ್ತೆ ಲೇತಿಗೇರಿಸಿ ತೆಳ್ಳಗೆ ಮಾಡಬೇಕು. "ಅದರ ಹಟ ಮುಗಿಯೋವರೆಗೂ ಕಾಯ್ಬೇಕು ಕಣೋ" ಅಂದರು. ಇಷ್ಟೂ ಬೀದಿ ನೋಡಿಕೊಂಡೇ.

ಎರಡನೇ ಬಟ್ಟಲು ಈಗ ಸಿಪ್ಪೆಯ ಚೀಲದಲ್ಲಿ ಮಲಗಿದೆ. ದಿನಾ ಬೆಳಿಗ್ಗೆ ನಾನು ಚೀಲ ಬಿಚ್ಚುತ್ತೇನೆ, ಭಾವ "ಮುಚ್ಚು" ಅನ್ನುತ್ತಾರೆ. ಇದು ನಮ್ಮ ಪ್ರಾತಃಕಾಲದ ಸಂಭಾಷಣೆ.

ಚೂಟಿ, ನಾನು ಅಡ್ಡಗೋಡೆಯ ಮೇಲೆ ದೀಪ ಇಡುವವನಲ್ಲ, ನೇರವಾಗಿ ಕೇಳುತ್ತೇನೆ. ಲೇತ್ ಹೋಗಲೇಬೇಕಾ? ಅದು ಹೋದರೆ ಈ ಮನುಷ್ಯನ ಬಾಯಿಂದ ಮುಂದಿನ ಮಾತು ಯಾವಾಗ ಹೊರಡುತ್ತದೆ?

ನಿನ್ನ ಮಾವ


ನವೆಂಬರ್ ೨೯

ಮಾವ,

ನಾನು ಕೋಪಿಸಿಕೊಂಡಿರಲಿಲ್ಲ. ಏನು ಬರೆಯಬೇಕೋ ತಿಳಿದಿರಲಿಲ್ಲ.

ಅಪ್ಪ ಯಾಕೆ ಅಂಗಡಿಗೆ ಬೆನ್ನು ಹಾಕಿ ಕೂರುತ್ತಾನೆ ಅಂತ ನೀವು ಒಮ್ಮೆಯೂ ಕೇಳಲಿಲ್ಲ. ಹೇಳುತ್ತೇನೆ. ಆಸ್ಪತ್ರೆಯಿಂದ ಮನೆಗೆ ಕರೆತಂದ ಸಂಜೆ, ನಾನು ಅಡುಗೆಮನೆಯಲ್ಲಿದ್ದಾಗ ಲೇತ್ ಶುರುವಾದ ಸದ್ದು ಕೇಳಿಸಿತು. ಓಡಿಹೋಗಲಿಲ್ಲ. ಬಾಗಿಲ ಸಂದಿಯಿಂದ ನೋಡಿದೆ. ಅಪ್ಪ ಎಡಗೈಯಲ್ಲಿ ಉಳಿ ಎತ್ತಿ ಬಲಗೈಗೆ ಕೊಟ್ಟ. ಬಲಗೈ ಹಿಡಿದುಕೊಳ್ಳಲಿಲ್ಲ. ಮತ್ತೆ ಕೊಟ್ಟ. ಉಳಿ ನೆಲಕ್ಕೆ ಬಿತ್ತು. ಬಗ್ಗಿ ಎತ್ತಿಕೊಂಡು, ತನ್ನ ಕೈಗೆ ತಾನೇ, "ಹಿಡಿ" ಅಂದ, ಮಗುವಿಗೆ ಹೇಳುವ ಹಾಗೆ. ಮತ್ತೆ ಬಿತ್ತು. ಆಮೇಲೆ ಮೋಟಾರು ನಿಲ್ಲಿಸಿ, ಕುರ್ಚಿ ಎಳೆದುಕೊಂಡು ಹೋಗಿ ಬೀದಿಯ ಕಡೆ ಮುಖ ಮಾಡಿ ಕೂತ. ಊಟದ ಹೊತ್ತಿಗೆ, "ಅದನ್ನ ಕೊಟ್ಬಿಡಮ್ಮ" ಅಂದ. ನಾನು ನೋಡಿದ್ದು ಅಪ್ಪನಿಗೆ ಇವತ್ತಿಗೂ ಗೊತ್ತಿಲ್ಲ.

ಅಂಥ ಕೈಗಳನ್ನು ದಿನಾ ನೋಡುತ್ತೇನೆ ಮಾವ. ಕೆಲವು ಬರುತ್ತವೆ, ಎಷ್ಟೋ ಬರುವುದಿಲ್ಲ. ನೀವು ಆಟವಾಡಿಸುತ್ತಾ ಅಪ್ಪನನ್ನು ಮತ್ತೆ ಲೇತಿನ ಮುಂದೆ ತಂದು ನಿಲ್ಲಿಸುತ್ತೀರಿ. ಆಗಲೂ ಉಳಿ ಬಿದ್ದರೆ? ಹೊಸ ವರ್ಷಕ್ಕೆ ನೀವು ಪೆಟ್ಟಿಗೆ ಎತ್ತಿಕೊಂಡು ಹೊರಟುಬಿಡುತ್ತೀರಿ. ಎರಡನೇ ಸಲ ಮುರಿದವನ ಜೊತೆ ಇರುವವಳು ನಾನು.

ದಯವಿಟ್ಟು ನಿಲ್ಲಿಸಿ. ಒರೆಸಿ, ಬಟ್ಟೆ ಹೊದಿಸಿಡಿ.

ಚೂಟಿ


ಡಿಸೆಂಬರ್ ೨೦

ಚೂಟಿಗೆ,

ಎಲ್ಲರೂ ಕ್ಷೇಮ. ಲೇತ್ ಒರೆಸಿ ಬಟ್ಟೆ ಹೊದಿಸಿದ್ದೇನೆ. ಉಳಿಗಳನ್ನು ಎಣ್ಣೆ ಸವರಿ ಗೋಣಿಯಲ್ಲಿ ಸುತ್ತಿದ್ದೇನೆ. ಅಂಗಡಿ ಗುಡಿಸಿದ್ದೇನೆ.

ಮಫ್ಲರ್ ಒಗೆಯಲು ಹಾಕಿದೆ. ಉಣ್ಣೆ ದಪ್ಪ ನೋಡು, ಬೇಗ ಒಣಗುವುದಿಲ್ಲ. ನನ್ನ ಕುತ್ತಿಗೆ ಸ್ವಲ್ಪ ಉಳುಕಿದೆ. ದಿಂಬು ಸರಿಯಿಲ್ಲ. ಎರಡಕ್ಕೂ ಸಂಬಂಧವಿಲ್ಲ.

ನಿನ್ನ ಅಪ್ಪ ಚೆನ್ನಾಗಿದ್ದಾರೆ. ಮೊನ್ನೆ ನನ್ನನ್ನು ಬೈದರು. ಒಂದು ಪದವಲ್ಲ, ಉಸಿರು ತೆಗೆಯದೆ ಬೈದರು. ನನ್ನ ಹಳ್ಳಿ, ನಾನು ಕಲಿತ ಶಾಲೆ, ನನಗೆ ಲೈಸೆನ್ಸು ಕೊಟ್ಟ ಅಧಿಕಾರಿ, ಯಾರನ್ನೂ ಬಿಡಲಿಲ್ಲ. ಕೇಳಲು ಬಹಳ ಸಂತೋಷವಾಯಿತು. ಯಾಕೆ ಬೈದರು ಅನ್ನುವುದು ಈಗ ಅಷ್ಟು ಮುಖ್ಯವಲ್ಲ.

ಹೆಚ್ಚಿಗೆ ಬರೆಯಲು ಕತ್ತು ಬಗ್ಗುತ್ತಿಲ್ಲ.

ಮಾವ


ಡಿಸೆಂಬರ್ ೨೧

ಮಗಳೇ,

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟ. ನಿಧಾನಕ್ಕೆ ಓದು.

ನಿನ್ನ ಮಾವ ನಿನಗೆ ಬರೆದದ್ದು ಸುಳ್ಳು. ಏನು ಬರೆದ ಅಂತ ಗೊತ್ತಿಲ್ಲ, ಆದರೂ ಸುಳ್ಳು. ಕವರು ಅಂಟಿಸುವಾಗ ನಗುತ್ತಿದ್ದ.

ನಿನ್ನ ಕಾಗದ ಬಂದ ದಿನದಿಂದ ಅವನು ಲೇತ್ ಮುಟ್ಟಲಿಲ್ಲ. ನೀನು ಏನು ಬರೆದಿದ್ದೆ ಅಂತ ನಾನು ಕೇಳಲಿಲ್ಲ. ಮನೆ ಸುಮ್ಮನಾಯಿತು. ಚೀಲದಲ್ಲಿ ಬಟ್ಟಲು ಆರಿತ್ತು. ನಾಲ್ಕು ದಿನ ನೋಡಿದೆ. ಆಮೇಲೆ ನಾನೇ ಹೇಳಿದೆ, ಮರವನ್ನು ಅರ್ಧಕ್ಕೆ ಬಿಡಬಾರದು, ಮುಗಿಸಿ ಬಟ್ಟೆ ಹೊದಿಸು ಅಂತ.

ಕಡೆದ. ಉಪ್ಪುಕಾಗದ ಹಾಕಿದ, ಒರಟಿನಿಂದ ನಯಕ್ಕೆ. ಅಗಸೆ ಎಣ್ಣೆ ಹಚ್ಚಿದ. ಅಲ್ಲಿವರೆಗೆ ಸದ್ದು ಸರಿಯಿತ್ತು. ಹೊಳಪಿಗೆ ಮೆತ್ತಗಿನದು ಏನಾದರೂ ಬೇಕು ಅಂತ ನಿನ್ನ ಮಫ್ಲರಿನ ತುದಿ ಹಿಡಿದು ತಿರುಗುವ ಬಟ್ಟಲಿಗೆ ಒತ್ತಿದ್ದಾನೆ. ಉಳಿದದ್ದು ಅವನ ಕತ್ತಿನಲ್ಲೇ ಇತ್ತು, ಬಟ್ಟಲು ಅದನ್ನು ಸುತ್ತಿಕೊಂಡು ಎಳೆಯಿತು. ತಿರುಗುವುದಕ್ಕೆ ಬಟ್ಟೆ ಕೊಡಬಾರದು ಅಂತ ನಾನು ಹೇಳಿರಲಿಲ್ಲ. ಯಾರಿಗೂ ಹೇಳಬೇಕಾಗಿ ಬಂದಿರಲಿಲ್ಲ.

ಅವನು ಕೂಗಲಿಲ್ಲ. ಕೂಗಲು ಆಗಿರಲಿಲ್ಲ. ಮೋಟಾರಿನ ದನಿ ಭಾರವಾಯಿತು. ನಾನು ಎದ್ದೆ. ಹೇಗೆ ಅಂತ ಕೇಳಬೇಡ. ಸ್ವಿಚ್ಚು ಒತ್ತಿದಾಗ ಅವನ ಮೂಗು ಬಟ್ಟಲಿಗೆ ಒಂದು ಗೇಣು ಇತ್ತು. ಬಲಗೈಯಲ್ಲಿ ಒತ್ತಿದೆ ಅಂತ ಅವನು ನಿನಗೆ ಹೇಳಬಹುದು. ನಂಬಬೇಡ. ಸ್ವಿಚ್ಚು ಇರುವುದು ಎಡಕ್ಕೆ. ಒತ್ತಿದ್ದು ಎಡಗೈ.

ಮಫ್ಲರನ್ನು ಕತ್ತರಿಸಿ ಬಿಡಿಸಬೇಕಾಯಿತು. ಎದುರಿನವನು ಕತ್ತರಿ ತಂದ. ಬೈದೆ. ಬೈದು ಮುಗಿದ ಮೇಲೆ ನೋಡಿದರೆ ನಾನು ಲೇತಿನ ಮುಂದೆ ನಿಂತಿದ್ದೆ. ಕೋಲು ಬಾಗಿಲಲ್ಲೇ ಇತ್ತು.

ಬಟ್ಟಲಿಗೆ ಗಾಯವಾಗಿತ್ತು. ಅದನ್ನು ತೆಗೆಯಬೇಕಿತ್ತು. ಉಳಿಯ ತುದಿಗೆ ನನ್ನ ಎಡಗೈ, ಹಿಡಿಗೆ ಅವನ ಬಲಗೈ. ಅವನು ಆಕ್ಸಿಲರೇಟರ್ ತುಳಿದ ಹಾಗೆ ಒತ್ತುತ್ತಾನೆ. ಮೊಣಕೈಯಲ್ಲಿ ತಿವಿದೆ. ಸರಿಯಾದ. ಅಂಚು ಬಂತು.

ಹೊಳಪಿಗೆ ಬಟ್ಟೆ ಬೇಡ. ಅದೇ ಮರದ ಸಿಪ್ಪೆ ಒಂದು ಹಿಡಿ ತೆಗೆದು, ತಿರುಗುವಾಗ ಒತ್ತಿ ಹಿಡಿದರೆ ಸಾಕು. ಅದಕ್ಕೆ ಬಲ ಬೇಡ. ಇಟ್ಟ ಕೈ ಹಾಗೇ ಇರಬೇಕು, ಅಷ್ಟೇ. ಅವನು ನನ್ನ ಬಲಗೈಯಲ್ಲಿ ಸಿಪ್ಪೆ ಇಟ್ಟ. ಕೈ ಎತ್ತಿ ಬಟ್ಟಲಿಗೆ ತಾಗಿಸಿದ. ಹಾಗೇ ಇಟ್ಟುಕೊಂಡೆ.

ಸ್ವಲ್ಪ ಹೊತ್ತಿಗೆ ಬೆರಳಿಗೆ ಬಿಸಿ ತಿಳಿಯಿತು. ಉಜ್ಜಿದರೆ ಬಿಸಿಯಾಗುತ್ತದೆ, ಹೊಸದಲ್ಲ. ಆದರೆ ಲಕ್ವ ಹೊಡೆದ ಮೇಲೆ ಏನೂ ತಿಳಿಯದಿದ್ದ ಆ ಬೆರಳಿಗೆ ತಿಳಿಯಿತು. ಇದನ್ನು ಅವನಿಗೆ ಹೇಳಿಲ್ಲ. ಹೇಳಿದರೆ ಊರಿಗೆಲ್ಲ ಹೇಳುತ್ತಾನೆ. ನಿನಗೆ ಹೇಳಬೇಕೆನಿಸಿತು.

ಲೇತ್ ಕೊಡುತ್ತೇನೆ ಅಂತ ಮಾತು ಕೊಟ್ಟಾಗಿದೆ. ಕೊಟ್ಟ ಮಾತು ವಾಪಸು ಕೇಳುವುದು ನನಗೆ ಬರುವುದಿಲ್ಲ. ಲಾರಿ ಬರಲಿ.

ಕೈ ನೋಯುತ್ತಿದೆ. ಎಡಗೈ.

ಅಪ್ಪ


ಡಿಸೆಂಬರ್ ೩೦

ಮಾವ,

ಅಪ್ಪನ ಕಾಗದವನ್ನು ಡ್ಯೂಟಿ ಮುಗಿದ ಮೇಲೆ ಬಸ್ ನಿಲ್ದಾಣದಲ್ಲಿ ನಿಂತು ಓದಿದೆ. ನನ್ನ ಬಸ್ಸು ಹೋಯಿತು. ಇನ್ನೊಂದೂ ಹೋಯಿತು.

ನಿಮ್ಮ ದಿಂಬಿಗೆ ಇನ್ನೊಂದು ಮಫ್ಲರ್ ಹೆಣೆಯುವುದಿಲ್ಲ. ಕುತ್ತಿಗೆಯವರೆಗೂ ಗುಂಡಿ ಇರುವ ಅಂಗಿ ಕಳಿಸಿದ್ದೇನೆ. ಲೇತಿನ ಹತ್ತಿರ ಹೋಗುವಾಗ ಅದನ್ನೇ ಹಾಕಿಕೊಳ್ಳಿ, ತೋಳು ಮಡಚಿಕೊಳ್ಳಿ. ಹೌದು, ಲೇತಿನ ಹತ್ತಿರ ಹೋಗುವಾಗ ಅಂತಲೇ ಬರೆದಿದ್ದೇನೆ.

ಕಾರ್ಖಾನೆಯವರಿಗೆ ಫೋನು ಮಾಡಿದೆ. ಬೇಡವೆಂದರೆ ಬಿಡುತ್ತೀರಾ ಎಂದು ಕೇಳಿದೆ. "ಅಮ್ಮಾ, ನಿಮ್ಮ ತಂದೆ ಮಾತಿಗೆ ತಪ್ಪೋರಲ್ಲ ಅಂತ ಎಲ್ಲರೂ ಹೇಳ್ತಾರೆ. ಲಾರಿ ಗೊತ್ತು ಮಾಡಾಗಿದೆ" ಅಂದರು. ಅಪ್ಪನನ್ನು ಕೇಳಿದರೆ, "ಬರಲಿ" ಅನ್ನುತ್ತಾನೆ. ಅಪ್ಪನ ಬಾಯಿಂದ ಬೇಡ ಅನ್ನಿಸಲು ನನ್ನಿಂದ ಆಗದು, ನಿಮ್ಮಿಂದಲೂ ಆಗದು.

ಕಾರ್ಖಾನೆಯವರು ಇನ್ನೊಂದು ಮಾತು ಹೇಳಿದರು. ಮುಂದೆ ನಿಂತು ಓಡಿಸಿ ನೋಡುತ್ತಾರಂತೆ. ಸದ್ದು ಸರಿಯಿಲ್ಲದ ಯಂತ್ರವನ್ನು ಅವರು ಯಾವ ಕಾರಣಕ್ಕೂ ಒಯ್ಯುವುದಿಲ್ಲವಂತೆ.

ನಾನು ನಿಮಗೆ ಏನೂ ಮಾಡಲು ಹೇಳುತ್ತಿಲ್ಲ. ಅವರು ಹೇಳಿದ್ದನ್ನು ತಿಳಿಸುತ್ತಿದ್ದೇನೆ, ಅಷ್ಟೇ.

ನಿಮ್ಮ ಚೂಟಿ


ಜನವರಿ ೮

ಚೂಟಿಗೆ ಸೋದರಮಾವನ ಆಶೀರ್ವಾದ, ಎರಡೂ ಕೈಯಿಂದ.

ನಿನ್ನ ಅಮ್ಮ, ಅಂದರೆ ನನ್ನ ಅಕ್ಕ, ಬದುಕಿದ್ದಾಗ ಹೇಳುತ್ತಿದ್ದಳು, ಇವಳು ಅಪ್ಪನ ಮಗಳು, ಸುಳ್ಳು ಹೇಳಲು ಬರುವುದಿಲ್ಲ ಅಂತ. ಪಾಪ, ಅವಳಿಗೆ ನೀನು ಮಾವನ ಸೋದರಸೊಸೆಯೂ ಹೌದು ಅನ್ನುವುದು ಮರೆತುಹೋಗಿತ್ತು. ಅಂಗಿ ಸರಿಯಾಗಿದೆ. ಕನ್ನಡಿಯಲ್ಲಿ ನೋಡಿಕೊಂಡರೆ ಹೆಡ್‌ಮೇಷ್ಟ್ರ ಹಾಗೆ ಕಾಣುತ್ತೇನೆ.

ಸೋಮವಾರ ಬೆಳಿಗ್ಗೆ ಲಾರಿ ಬಂತು. ಕಾರ್ಖಾನೆಯ ಮಾಲೀಕರು, ಅವರ ಜೊತೆ ಲೇತ್ ಬಲ್ಲ ಒಬ್ಬ ಮೇಸ್ತ್ರಿ. ನಿನ್ನ ಅಪ್ಪ ತಲೆ ಬಾಚಿಕೊಂಡು, ಒಗೆದ ಅಂಗಿ ಹಾಕಿಕೊಂಡು ಬೀದಿಬಾಗಿಲಲ್ಲಿ ಕೂತಿದ್ದರು, ಅಂಗಡಿಗೆ ಬೆನ್ನು. ಆ ಅಂಗಿಯ ಗುಂಡಿಗಳನ್ನು ಅವರೇ ಹಾಕಿಕೊಂಡಿದ್ದರು, ಮೇಲಿನದೊಂದು ಬಿಟ್ಟು. ನಮಸ್ಕಾರವಾಯಿತು. "ಒಳಗಿದೆ, ನೋಡಿ" ಅಂದರು. ಅಷ್ಟೇ. ಕಳೆದ ವಾರದಿಂದ ನನ್ನ ಕೈ ಹಿಡಿದು ತಿದ್ದುತ್ತಿದ್ದ ಮನುಷ್ಯ ಮತ್ತೆ ಕಲ್ಲಾಗಿ ಕೂತಿದ್ದರು.

ನಾನು ಮಾತ್ರ ಬೆಳಗಿನ ಜಾವವೇ ಎದ್ದು ಸಣ್ಣ ಅಲಂಕಾರ ಮಾಡಿಟ್ಟಿದ್ದೆ. ಹಿತ್ತಲಲ್ಲಿ ಉಳಿದಿದ್ದ ಕೊರಡಿನ ತುಂಡನ್ನು, ಒಂದು ಪಕ್ಕ ಗಂಟಿರುವುದನ್ನೇ ಆರಿಸಿ, ನಟ್ಟನಡುವೆ ಬಿಟ್ಟು ಪಕ್ಕಕ್ಕೆ ಮೊನೆ ಕೊಟ್ಟು ಸಿಕ್ಕಿಸಿದ್ದೆ. ಅದರ ಮೇಲೊಂದು ಗೋಣಿ ಹೊದಿಸಿದ್ದೆ. ಬೆಲ್ಟನ್ನು ಒಂದು ಚೂರು ಸಡಿಲ ಬಿಟ್ಟಿದ್ದೆ. ಕಲಿಯುವವನಿಗೆ ಏನೇನು ಮಾಡಬಾರದು ಅಂತ ಭಾವ ಹೇಳಿಕೊಟ್ಟಿದ್ದರೋ ಅದನ್ನೆಲ್ಲ ಶ್ರದ್ಧೆಯಿಂದ ಮಾಡಿದ್ದೆ. ಇಂಥ ಶಿಷ್ಯ ಎಲ್ಲಿ ಸಿಗಬೇಕು.

ಮೇಸ್ತ್ರಿ, "ಗೋಣಿ ತೆಗೀರಿ, ಓಡಿಸಿ" ಅಂದ.

ಗೋಣಿ ತೆಗೆಯುವುದಕ್ಕೂ ಸ್ವಿಚ್ಚು ಒತ್ತುವುದಕ್ಕೂ ನಡುವೆ ಉಸಿರಾಡಲು ಬಿಡಲಿಲ್ಲ. ಚೂಟಿ, ನಾನು ಘಾಟಿಯಲ್ಲಿ ಬ್ರೇಕು ಹೋದ ಬಸ್ಸು ಇಳಿಸಿದ್ದೇನೆ, ಅದೂ ಇಷ್ಟು ಸದ್ದು ಮಾಡಿರಲಿಲ್ಲ. ಲೇತ್ ನೆಲ ಒದೆಯಿತು. ಗೋಡೆಯ ಗೂಟದಿಂದ ಉಳಿಗಳು ಒಂದೊಂದಾಗಿ ಉದುರಿದವು. ತಗಡು ಕುಣಿಯಿತು. ಎದುರಿನ ಕ್ಷೌರದವನು ಕತ್ತಿ ಕೆಳಗಿಟ್ಟು ಕೈ ಕಟ್ಟಿ ನಿಂತ.

ಆಗ ನನಗೆ ನೆನಪಾಯಿತು. ಕೋಲು.

ಕೆಟ್ಟ ಸದ್ದು ಬಂದರೆ ಭಾವನ ಕೋಲು ನೆಲಕ್ಕೆ ಬೀಳದೆ ಇರುವುದಿಲ್ಲ. ನಿದ್ದೆಗಣ್ಣಲ್ಲೂ ಬೀಳುತ್ತದೆ. ಅವತ್ತಿನ ಸದ್ದಿನಷ್ಟು ಕೆಟ್ಟದ್ದನ್ನು ಅವರ ಅಂಗಡಿ ಹುಟ್ಟಿದ ಮೇಲೆ ಕೇಳಿಲ್ಲ. ಟಕ್ ಅಂದುಬಿಟ್ಟರೆ ಮುಗಿಯಿತು. ಮೇಸ್ತ್ರಿ ಬಲ್ಲವನು, ಯಜಮಾನರು ತಪ್ಪು ತೋರಿಸಿದರು ಅಂತ ತಿಳಿದು ಕೊರಡು ಬಿಚ್ಚಿಸುತ್ತಾನೆ. ಆಮೇಲೆ ಲೇತ್ ನಿನ್ನ ಅಮ್ಮನ ಜೋಗುಳದ ಹಾಗೆ ಓಡುತ್ತದೆ, ಲಾರಿ ಹತ್ತುತ್ತದೆ. ಬಾಗಿಲ ಕಡೆ ನೋಡಿದೆ.

ಭಾವ ತಿರುಗಿರಲಿಲ್ಲ. ಎಡಗೈ ಕೋಲನ್ನು ನೆಲದಿಂದ ಎತ್ತಿತು. ನಿಧಾನಕ್ಕೆ, ಪಕ್ಕದಲ್ಲಿ ಮಗು ಮಲಗಿದ್ದರೆ ಎತ್ತುವ ಹಾಗೆ. ತೊಡೆಯ ಮೇಲೆ ಅಡ್ಡ ಇಟ್ಟುಕೊಂಡರು. ಅದು ಜಾರದ ಹಾಗೆ ಅದರ ಮೇಲೆ ಕೈ ಇಟ್ಟರು. ಬಲಗೈ.

ಮಾಲೀಕರು ಕಿವಿ ಮುಚ್ಚಿಕೊಂಡು ಬಾಗಿಲಿಗೆ ಹೋದರು.

"ಯಜಮಾನ್ರೇ, ಇದು ಯಾವಾಗ್ಲಿಂದ ಹೀಗೆ?"

ಭಾವ ಬೀದಿ ನೋಡುತ್ತಾ ಕೂತಿದ್ದರು. ಸುಳ್ಳು ಹೇಳಲು ಬಾರದ ಮನುಷ್ಯ ಕೋಲಿನ ಮೇಲಿನ ಕೈಯನ್ನು ಸರಿಮಾಡಿಕೊಂಡರು.

"ಇವನು ಕಲಿಯೋಕೆ ಶುರು ಮಾಡಿದಾಗ್ಲಿಂದ" ಅಂದರು.

ಮೇಸ್ತ್ರಿ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಒಳ್ಳೆ ಯಂತ್ರ ಹಾಳು ಮಾಡಿದ್ರಲ್ಲ ಸ್ವಾಮಿ" ಅಂದ. ಮೂವತ್ತು ವರ್ಷ ಬಸ್ಸು ಓಡಿಸಿದವನು, ಗಡಿಯಾರ ಪಡೆದವನು, ತಲೆ ತಗ್ಗಿಸಿ ನಿಂತು ಆ ಮಾತು ಕೇಳಿಸಿಕೊಂಡೆ. ನಿನಗೋಸ್ಕರ. ಮಾಲೀಕರು ಕೈಮುಗಿದು, "ಇದು ನಮಗಾಗಲ್ಲ, ತಪ್ಪು ತಿಳ್ಕೋಬೇಡಿ" ಅಂದರು. ಭಾವ, "ನಿಮ್ಮಿಷ್ಟ" ಅಂದರು. ಮಾತು ಉಳಿಯಿತು, ಲೇತೂ ಉಳಿಯಿತು.

ಈ ಕಾಗದದ ಜೊತೆ ಬಟ್ಟಲು ಬರುತ್ತದೆ. ಎಲ್ಲರಿಗೂ ತೋರಿಸಿ ನಮ್ಮ ಮಾವ ಮಾಡಿದ್ದು ಅಂತ ಹೇಳು. ಅಂಚಿನ ಸುತ್ತ ಒಂದು ಪಟ್ಟಿ ಮಾತ್ರ ಉಳಿದೆಲ್ಲಕ್ಕಿಂತ ನುಣುಪಾಗಿದೆ, ಅದು ಯಾರ ಕೈ ಅಂತ ನೀನೇ ಮುಟ್ಟಿ ನೋಡಿಕೋ. ನನ್ನ ಪೆಟ್ಟಿಗೆ ಮಂಚದ ಕೆಳಗೆ ಹೋಗಿದೆ. ಉಳಿಯ ಹಿಡಿಗೆ ಒಂದು ಬಲಗೈ ಬೇಕಲ್ಲ, ಸದ್ಯಕ್ಕೆ ಅದು ನಾನೇ. ನೀನು ರಜೆಗೆ ಬಂದಾಗ ಅಪ್ಪನನ್ನು ಆ ಬೆಳಕಿನ ಕೋಣೆಗೆ ಕರೆದೊಯ್ಯುವ ಬಗ್ಗೆ ನೀವಿಬ್ಬರೂ ಕೂತು ಮಾತಾಡಿಕೊಳ್ಳಿ. ನಾನು ಕಿವಿ ಮುಚ್ಚಿಕೊಂಡು ಹಿತ್ತಲಲ್ಲಿರುತ್ತೇನೆ. ರಬ್ಬರ್ ಚೆಂಡನ್ನು ಕ್ಷೌರದವನ ನಾಯಿ ಕೊಂಡೊಯ್ದಿತು, ಕ್ಷಮಿಸು.

ಒಂದು ಹೇಳುವುದು ಮರೆತೆ. ಲಾರಿ ಬೀದಿಯ ತಿರುವು ದಾಟುವವರೆಗೂ ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಲೇತ್ ನಿಲ್ಲಿಸುವುದೇ ಮರೆತಿದ್ದೆ, ಹಿಂದೆ ಅದು ಹಾಗೇ ಗುದ್ದಾಡುತ್ತಿತ್ತು. ಲಾರಿಯ ಬೆನ್ನು ಮರೆಯಾಯಿತು. ಭಾವ ತೊಡೆಯ ಮೇಲಿನಿಂದ ಕೋಲು ತೆಗೆದರು.

ಟಕ್.

ಇಂತಿ ನಿನ್ನ ಸೋದರಮಾವ,
ಯಂತ್ರ ಹಾಳು ಮಾಡಿದವನು